ವಾಲ್ಯಾನ ಎಡಮಗ್ಗುಲು

ಪಂಚಮಿ ಹಬ್ಬ ಮುಗಿದ ಮೂರನೆಯ ದಿನ ಸುಂದರವ್ವನ ಕುದುರೆ ಮತ್ತೆ ಹೇರು ಕೆಡವಿತು. ಅದೇನೂ ಮೊದಲ ಸಲವಲ್ಲ. ಆದರೆ ಈ ಸಲ ಐದೂ ಮನೆಯ ಕುರುಬರು ನಿಂತು ನೋಡುತ್ತಿದ್ದರು.

ದೇವರ ಹಿಪ್ಪರಗಿಯಿಂದ ಎರಡು ಹರದಾರಿ ಆಚೆ, ಖಾಲಿ ಬಿದ್ದ ಎರೆಹೊಲದಲ್ಲಿ ಅವರು ಕುರಿ ತರುಬಿದ್ದರು. ಹಿಂಡು ರಾತ್ರಿ ಮಲಗಿ ಎದ್ದರೆ ಹೊಲಕ್ಕೆ ಗೊಬ್ಬರ, ಅದಕ್ಕೆ ಪ್ರತಿಯಾಗಿ ಹೊಲದವರ ಮನೆಯಿಂದ ಇವರಿಗೆ ಜೋಳ. ಆ ಬೆಳಿಗ್ಗೆ ಪಕ್ಕದ ಹೊಲಕ್ಕೆ ಹೋಗುವುದಿತ್ತು. ಕೂಗಿದರೆ ಕೇಳುವಷ್ಟು ದೂರ. ಸುಂದರವ್ವ ಕುದುರೆಯ ಬೆನ್ನಿಗೆ ದಪ್ಪ ಮೆತ್ತೆಯ ಖೋಗೀರು ಹಾಕಿ, ಎಡಕ್ಕೊಂದು ಬಲಕ್ಕೊಂದು ಚೀಲ ಬಿಗಿದು, ಮೇಲೆ ಕಂಬಳಿ ಹಾಸಿ, ಹಿಂದಿನ ದಿನ ಹುಟ್ಟಿದ ಎರಡು ಮರಿಗಳನ್ನು ಬಲೆಯಲ್ಲಿ ಕೂರಿಸಿದ್ದಳು. ಕುದುರೆ ಇಪ್ಪತ್ತು ಹೆಜ್ಜೆ ನಡೆಯಿತು. ಆಮೇಲೆ ಎಡಕ್ಕೆ ವಾಲಿತು. ವಾಲಿದ್ದನ್ನು ತಡೆಯಲು ಓಡಿತು, ಓಡಿದ್ದಕ್ಕೆ ಇನ್ನಷ್ಟು ವಾಲಿತು. ಹೇರು ಜಾರಿ ಹೊಟ್ಟೆಯ ಕೆಳಗೆ ತಿರುಗಿತು. ಗಾಬರಿಯಾದ ಪ್ರಾಣಿ ಒದ್ದಾಡಿದ ರಭಸಕ್ಕೆ ಹಿತ್ತಾಳೆಯ ಕೊಡ ಚಪ್ಪಟೆಯಾಯಿತು, ಒಂದು ಮರಿಯ ಕಾಲು ಮುರಿಯಿತು.

ಮೂರು ವರ್ಷದ ಗಂಡು ಕುದುರೆ. ಮೈ ಗುಂಡುಕಲ್ಲಿನಂತೆ. ಎದೆಯಿಂದ ಒತ್ತಿದರೆ ಎತ್ತಿನಗಾಡಿಯನ್ನು ಸರಿಸುವಷ್ಟು ಶಕ್ತಿ. ಆ ಶಕ್ತಿಯಲ್ಲಿ ಒಂದಿಷ್ಟೂ ನೆಟ್ಟಗಿರಲಿಲ್ಲ. ಯಾವಾಗಲೂ ವಾಲುತ್ತದೆಂದು ಮಂದಿ ಅದಕ್ಕೆ ವಾಲ್ಯಾ ಅಂತಲೇ ಹೆಸರಿಟ್ಟಿದ್ದರು.

ಹಿಂಡಿನ ಹಿರಿಯ ಸಿದ್ದರಾಯ ಕೋಲೂರಿಕೊಂಡು ಬಂದ. ಸುಂದರವ್ವನ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಸಿದ್ದರಾಯ ಅವನ ಅಣ್ಣ, ಅವಳಿಗೆ ಬಾವ.

"ಏನಬೇ ಸುಂದ್ರವ್ವ, ಇದು ಕುದರ್ಯೋ, ಕುಡದ ಮನಷ್ಯಾನೋ?"

ಸುಂದರವ್ವ ಮುರಿದ ಕಾಲಿಗೆ ಬಿದಿರಿನ ಚಕ್ಕೆ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. "ಕುಡದಾಂವ ಹೆಂಗ ನಡೀತಾನಂತ ನಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ಲ ಬಾವಾ. ನಿಮ್ಮ ಮನ್ಯಾಗ ಕೇಳಿ ನೋಡ್ರಿ."

ಯಾರೋ ಹಿಂದೆ ನಕ್ಕರು. ಸಿದ್ದರಾಯ ನಗಲಿಲ್ಲ.

"ಸೀಗಿ ಹುಣ್ಣಿವಿ ಆದ ಐದನೇ ದಿನಕ್ಕ ಹಿಂಡು ಏಳತೈತಿ. ಮುದ್ದೇಬಿಹಾಳದ ಗುಡ್ಡ ಮುಟ್ಟಬೇಕಂದ್ರ ಮನಗೂಳಿ ಆಚಿ ಹೊಸಾ ಕಾಲುವಿ ದಾಟಬೇಕು. ಕಾಲುವಿ ದಾಟೂ ಸಿಮೆಂಟ್ ಹಾಸು ನೋಡೀಯಿಲ್ಲ? ಕೈಗ್ವಾಡಿ ಇಲ್ಲ, ಏನಿಲ್ಲ. ಇದು ಅಲ್ಲಿ ವಾಲಿತಂದ್ರ ಕುದರೀನೂ ಹೋತು, ಹೇರೂ ಹೋತು, ಹಿಂದ ಬರೂ ಕುರಿನೂ ಹೋದುವು."

"ಗೊತ್ತೈತ್ರಿ."

"ಗೊತ್ತಿದ್ರ ಸಂತಿಗಿ ಹೊಡಿ. ನಿನ್ನ ಕುರಿ ನಮ್ಮ ಹಿಂಡಿನಾಗ ಕೂಡಸ್ತೇವಿ. ನಿನ್ನ ಸೊಸಿ ನಮ್ಮ ಒಲಿ ಮುಂದ ರೊಟ್ಟಿ ಬಡೀತಾಳ. ನೀ ಊರಾಗ ನೆಳ್ಳಿಗಿ ಕುಂದ್ರು."

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆ ಐದು ಮನೆಗಳಲ್ಲಿ ಮುತ್ತಜ್ಜನ ಕಾಲದಿಂದ ಒಂದು ಕಟ್ಟಳೆ ಇತ್ತು. ಹಾದಿಯ ಮೇಲೆ ಕುದುರೆ ಇದ್ದವರಿಗೆ ಒಲೆ. ಕುದುರೆ ಇಲ್ಲದ ಮನೆ ಬೇರೆಯವರ ಒಲೆಯಲ್ಲಿ ಉಣ್ಣಬೇಕು. ಯಾರ ಒಲೆಯಲ್ಲಿ ಉಂಡರೋ ಅವರ ಹಿಂಡಿಗೆ ಕುರಿ ಸೇರುತ್ತಿದ್ದವು. ಎಲ್ಲಿ ಮೇಯಬೇಕು, ಯಾರ ಹೊಲದಲ್ಲಿ ಕೂರಬೇಕು, ಯಾವ ಟಗರು ಇಟ್ಟುಕೊಳ್ಳಬೇಕು, ಎಲ್ಲ ಅವರೇ ಹೇಳುವರು. ಹೀಗೆ ಒಲೆ ಕಳೆದುಕೊಂಡ ಮನೆಯೊಂದು ತಿರುಗಿ ಒಲೆ ಹೂಡಿದ್ದನ್ನು ಸುಂದರವ್ವ ತನ್ನ ಐವತ್ತು ಚಿಲ್ಲರೆ ವರ್ಷದಲ್ಲಿ ನೋಡಿರಲಿಲ್ಲ.

ಅವಳು ಮರಿಯನ್ನು ತಾಯಿಯ ಮುಂದೆ ಬಿಟ್ಟು ಎದ್ದು ನಿಂತಳು.

"ಹುಣ್ಣಿವಿ ಎರಡ ತಿಂಗಳ ಮ್ಯಾಲ ಐತಿ."

"ಎರಡ ತಿಂಗಳದಾಗ ಅದು ಎಷ್ಟು ಸಾಲಿ ಕಲೀತೈತಿ?"

"ನಾನೂ ಎರಡನೇ ಇಯತ್ತೆ ತನಕಾನ ಕಲ್ತದ್ರಿ ಬಾವಾ. ಬದುಕು ನಡದೈತಲ್ಲ."

"ಕಾಲುವಿ ದಂಡ್ಯಾಗ ನಾ ನೋಡ್ತೇನಿ. ಹೇರು ಹೊತ್ತು ದಾಟಿದ್ರ ನಿನ್ನ ಒಲಿ ನಿಂದು. ಇಲ್ಲಂದ್ರ ನಾ ಹೇಳಿದಂಗ."

"ಹಂಗ ಆಗಲಿ."

ಅದು ತೊಂಬತ್ತೆಂಟನೆಯ ಇಸವಿ. ಕಾಲುವೆ ಅಗೆದಿದ್ದರು, ಇನ್ನೂ ನೀರು ಬಿಟ್ಟಿರಲಿಲ್ಲ.

*

ಮೊದಲ ಹದಿನೈದು ದಿನ ದಂಡವಾದವು. ಕುದುರೆ ನಡೆಸುವ ಹೆಂಗಸರೆಲ್ಲ ಮಾಡುವಂತೆ ಸುಂದರವ್ವ ವಾಲ್ಯಾನ ಎಡಗಡೆ ನಿಂತು, ಕೊರಳ ಹಗ್ಗ ಗಿಡ್ಡಗೆ ಹಿಡಿದು ನಡೆಸಿದಳು. ಅದು ತನ್ನ ಭುಜ ತಂದು ಅವಳ ಭುಜಕ್ಕೆ ಆನಿಸಿತು. ಅವಳು ದೂಡಿದಷ್ಟೂ ಅದು ಒತ್ತಿತು. ಒಂದು ದಿನ ಕಳ್ಳಿಬೇಲಿಗೆ ಕೆಡವಿತು. ಇನ್ನೊಂದು ದಿನ ಹಾಳುಗೋಡೆಗೆ ಒತ್ತಿ ಹಿಡಿದ ಪೆಟ್ಟಿಗೆ ಪಕ್ಕೆಲುಬು ನೊಂದು, ಮೂರು ದಿನ ಉಸಿರೆಳೆಯುವುದೂ ಕಷ್ಟವಾಯಿತು.

ಮಗ ಸಿದ್ಧರಾಮನಿಗೆ ತಡೆಯದಾಯಿತು. ಜಾಲಿಯ ಕೋಲು ತಂದು ವಾಲ್ಯಾನ ಎಡಮಗ್ಗುಲಿಗೆ ನಾಲ್ಕು ಏಟು ಹಾಕಿದ. ಸುಂದರವ್ವ ಕುಂಟುತ್ತ ಬಂದು ಕೋಲು ಕಸಿದು, ಮೊಣಕಾಲಿಗೆ ಕೊಟ್ಟು ಮುರಿದಳು.

"ಯವ್ವಾ, ಬಡೀದ ಹೊರತು ಅದು ನೆಟ್ಟಗಾಗಂಗಿಲ್ಲ."

"ಬಡದ್ರ ನೆಟ್ಟಗ ಆಗೂದಿದ್ರ, ನಿಮ್ಮಪ್ಪ ನಿನ್ನ ಎಷ್ಟು ನೆಟ್ಟಗ ಮಾಡಿ ಹೋಗಿರತಿದ್ದ."

ಒಲೆಯ ಮುಂದೆ ಕೂತಿದ್ದ ಸೊಸೆ ಮಾಲಾ ಸೆರಗು ಬಾಯಿಗೆ ಒತ್ತಿಕೊಂಡಳು. ಸಿದ್ಧರಾಮ ಹೆಂಡತಿಯನ್ನು ದುರುಗುಟ್ಟಿ ನೋಡಿ ಕುರಿ ಕಡೆ ಹೋದ. ಹೋಗುವಾಗ, "ದೊಡ್ಡಪ್ಪ ಹೇಳೂದರಾಗ ಏನ್ ತಪ್ಪೈತಿ?" ಅಂದ. ಕೋಲಿನ ಪೆಟ್ಟಿಗಿಂತ ಆ ಮಾತೇ ಸುಂದರವ್ವನಿಗೆ ಹೆಚ್ಚು ನಾಟಿತು.

ಆ ವಾರದ ಸಂತೆಗೆ ಅವಳು ವಾಲ್ಯಾನನ್ನು ಹಿಡಿದುಕೊಂಡು ದೇವರ ಹಿಪ್ಪರಗಿಗೆ ಹೋದಳು. ಮಾರಲು ಹೊರಟಳೆಂದು ಸಿದ್ದರಾಯ ತಿಳಿದ. ಅವಳು ಹೋದದ್ದು ನಾಲಬಂದ ಇಬ್ರಾಹಿಂಸಾಬನ ಹತ್ತಿರ. ಬಸ್ಸು ನಿಲ್ಲುವ ಕಡೆ ಬೇವಿನ ಗಿಡದ ಕೆಳಗೆ ಕೂತು ಎತ್ತು ಕುದುರೆಗಳಿಗೆ ನಾಲು ಹೊಡೆಯುವುದು ಅವನ ಕಸುಬು. ಸುಂದರವ್ವ ಮದುವೆಯಾಗಿ ಬಂದಾಗ ಅವನಿಗೆ ಕಪ್ಪು ಗಡ್ಡವಿತ್ತು. ಈಗ ಅದು ಪೂರಾ ಬೆಳ್ಳಗಾಗಿತ್ತು.

ಇಬ್ರಾಹಿಂಸಾಬ ನಾಲ್ಕೂ ಕಾಲು ಒಂದೊಂದಾಗಿ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ನೋಡಿದ. ತಿರುಗಿ ಮೊದಲಿನಿಂದ ನೋಡಿದ.

"ಸುಂದ್ರಕ್ಕ, ನಾಲ್ಕೂ ಗೊರಸು ಎಡಕ್ಕ ಸವದಾವು. ಗ್ವಾಡಿಗಿ ಆತು ನಡಿಯಾಂವನ ಚಪ್ಪಲಿ ಹಿಂಗ ಸವೀತಾವು ನೋಡು."

"ಹುಟ್ಟಾನ ಹಿಂಗೇನು ಇಬ್ರಾಹಿಮಣ್ಣ?"

"ಹುಟ್ಟಾ ಅಲ್ಲ. ಎಲುಬು ಚೊಕ್ಕ ಐತಿ. ಇದು ಯಾತಕ್ಕೋ ಆತು ನಡೀಲಿಕ್ಕೆ ಕಲ್ತೈತಿ." ಅವನು ಕಾಲು ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿದ. "ಸಣ್ಣದಿದ್ದಾಗ ಇದರ ಎಡಕ್ಕ ಯಾರಿದ್ರು?"

ಸುಂದರವ್ವ ವಾಲ್ಯಾನ ಎಡಮಗ್ಗುಲ ಮೇಲೆ ಕೈಯಿಟ್ಟಳು. ಬಸ್ಸೊಂದು ಬಂದು ನಿಂತು, ಮಂದಿಯನ್ನು ಇಳಿಸಿ ಹೋಯಿತು.

"ಅದರವ್ವ," ಅಂದಳು.

ವಾಲ್ಯಾನ ತಾಯಿ ಕರಿಗಿ. ಹನ್ನೆರಡು ವರ್ಷ ಸುಂದರವ್ವನ ಹೇರು ಹೊತ್ತ ಕುದುರೆ. ವಾಲ್ಯಾ ಹೊಟ್ಟೆಯಲ್ಲಿದ್ದಾಗ ಜಾಲಿಮುಳ್ಳು ಚುಚ್ಚಿ ಅದರ ಬಲಗಣ್ಣು ಹೋಯಿತು. ಅಂದಿನಿಂದ ಅದು ಬಲಕ್ಕೆ ಬಲಕ್ಕೆ ಸರಿದು ಹಾದಿ ಬಿಟ್ಟು ತಗ್ಗಿಗೆ ಇಳಿಯುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಹೊರಗೆ ಹಾಕುತ್ತಿದ್ದರು. ಆಗ ಗಂಡ ಸತ್ತು ಮೂರು ವರ್ಷ, ಮಗ ಇನ್ನೂ ಎಳೆ ಹುಡುಗ, ಕೈಯಲ್ಲಿ ಇನ್ನೊಂದು ಕುದುರೆಯಿಲ್ಲ. ಸುಂದರವ್ವ ಒಂದು ಉಪಾಯ ಮಾಡಿದಳು. ಮರಿ ನಡೆಯುವಂತಾದ ಕೂಡಲೆ ಅದನ್ನು ತಾಯಿಯ ಬಲಕ್ಕೆ, ಕುರುಡು ಕಣ್ಣಿನ ಮಗ್ಗುಲಿಗೆ ಕಟ್ಟಿದಳು. ಕರಿಗಿ ಬಲಕ್ಕೆ ಒತ್ತಿದರೆ ಮರಿ ಎಡಕ್ಕೆ ಒತ್ತಿತು. ಎರಡೂ ಒಂದಕ್ಕೊಂದು ಆತುಕೊಂಡು ಎರಡು ವರ್ಷ ಹಾದಿ ತಪ್ಪದೆ ನಡೆದವು. ಎಲ್ಲರೂ ಸುಂದರವ್ವನ ಬುದ್ಧಿಯನ್ನು ಹೊಗಳಿದರು. ಹೋದ ಯುಗಾದಿಗೆ ಕರಿಗಿ ಸತ್ತಿತು. ಮರಿ ಮಾತ್ರ ಇನ್ನೂ ಎಡಕ್ಕೆ ಒತ್ತುತ್ತಲೇ ಇತ್ತು.

"ಇದರ ಸೊಕ್ಕು ಅಂತ ತಿಳಕೊಂಡಿದ್ವಿ," ಅಂದಳು ಸುಂದರವ್ವ. "ದುಡಿಮಿ ಬಿಟ್ಟಿಲ್ಲ ಅಷ್ಟ."

"ನಾ ನಾಲು ಹೊಡೀತೇನಿ, ಗೊರಸು ಸಮ ಮಾಡ್ತೇನಿ. ಆತು ನಡಿಯೂದು ಬಿಡಸೂದು ನನ್ನ ಕೈಯಾಗಿಲ್ಲವ್ವ."

"ನನ್ನ ಕೈಯಾಗೈತಿ. ಕಲ್ಸಿದಾಕಿ ನಾ."

*

ಮರುದಿನದಿಂದ ಸುಂದರವ್ವ ಕುದುರೆಯ ಎಡಕ್ಕೆ ನಿಲ್ಲುವುದನ್ನು ಬಿಟ್ಟಳು. ಬಲಕ್ಕೆ ನಿಂತಳು, ಹಗ್ಗ ಉದ್ದ ಬಿಟ್ಟಳು. ಎಡಕ್ಕೆ ಗೋಡೆಯಿಲ್ಲದ, ಬೇಲಿಯಿಲ್ಲದ, ಮನುಷ್ಯರಿಲ್ಲದ ಬಯಲು ಹೊಲ ಆರಿಸಿಕೊಂಡಳು. ರಂಟೆ ಹೊಡೆದ ಎರೆಮಣ್ಣು, ಬಿದ್ದರೂ ಮೊಣಕಾಲು ಒಡೆಯುವುದಿಲ್ಲ.

ವಾಲ್ಯಾ ಎಡಕ್ಕೆ ವಾಲಿತು. ಅಲ್ಲಿ ಏನೂ ಇರಲಿಲ್ಲ. ಮುಗ್ಗರಿಸಿ ಎರಡೂ ಮೊಣಕಾಲೂರಿ ಬಿತ್ತು. ಸುಂದರವ್ವ ಎತ್ತಲಿಲ್ಲ, ಬೈಯಲಿಲ್ಲ. ಅದು ತಾನೇ ಎದ್ದು ಮೈ ಕೊಡವಿಕೊಂಡ ಮೇಲೆ, "ಆತಪಾ, ನಡಿ," ಅಂದಳು. ಆ ದಿನ ಅದು ಏಳು ಸಲ ಬಿತ್ತು. ಮರುದಿನ ಐದು ಸಲ. ಆಮೇಲೆ ಬೀಳುವ ಮೊದಲೇ ತನ್ನ ಎಡಗಾಲನ್ನು ಅಗಲಿಟ್ಟು ತಡೆದುಕೊಳ್ಳಲು ಕಲಿಯಿತು. ಆ ಕಾಲು ತನ್ನದೇ ಅಂತ ಅದಕ್ಕೆ ಆಗಷ್ಟೇ ಗೊತ್ತಾದಂತೆ ಕಾಣುತ್ತಿತ್ತು.

ಓಡುವ ಚಟವೊಂದು ಉಳಿಯಿತು. ಸಮತೂಕ ತಪ್ಪಿತು ಅನ್ನಿಸಿದರೆ ಮುಂದಕ್ಕೆ ನುಗ್ಗುತ್ತಿತ್ತು. ಹಗ್ಗ ಜಗ್ಗಿ ನಿಲ್ಲಿಸುವ ಶಕ್ತಿ ಸುಂದರವ್ವನಿಗಿರಲಿಲ್ಲ. ಜಗ್ಗಿದರೆ ಅದಕ್ಕೆ ಮತ್ತೆ ಆನಿಕೆ ಸಿಕ್ಕಂತೆ, ಹಗ್ಗಕ್ಕೇ ಆತು ಓಡುತ್ತಿತ್ತು. ಅದಕ್ಕೆ ಅವಳು ಹಗ್ಗ ಸಡಿಲ ಬಿಟ್ಟು ಅದರ ಮುಂದೆ ಹೋಗಿ, ಬೆನ್ನು ಕೊಟ್ಟು ಸಾಲಿನಲ್ಲಿ ಕೂತುಬಿಡುತ್ತಿದ್ದಳು. ಮೊದಲ ದಿನ ಅದು ಅವಳನ್ನು ಹಾರಿಕೊಂಡು ಹೋಗಿ ಬದುವಿನಾಚೆ ನಿಂತಿತು. ಅವಳು ಕೂತಲ್ಲೇ ಕೂತಳು. ಮಧ್ಯಾಹ್ನದ ಹೊತ್ತಿಗೆ ಕುದುರೆ ತಾನೇ ತಿರುಗಿ ಬಂದು ಅವಳ ಹಿಂದೆ ನಿಂತಿತು. ಹತ್ತು ದಿನಕ್ಕೆ, ಅವಳು ಕೂತರೆ ನಿಲ್ಲಬೇಕು ಅಂತ ಅದಕ್ಕೆ ತಿಳಿಯಿತು.

ಹಾದಿಯಲ್ಲಿ ಹೋಗುವವರಿಗೆ ಇದು ನೋಡುವ ಆಟವಾಯಿತು. ಕುದುರೆ ನಡೆಯುವುದು, ಮುದುಕಿ ಕೂರುವುದು.

"ಅತ್ತಿ, ಊರ ಮಂದಿ ಏನಂತಾರ ಗೊತ್ತೈತೇನ್ರಿ?" ಅಂದಳು ಮಾಲಾ. "ಕುದರಿ ಮುದಕೀಗಿ ಕುಂದ್ರೂದು ಕಲಸಾಕತ್ತೈತಿ ಅಂತಾರ."

"ಕಲಸಲಿ ಬಿಡು. ನಿಮ್ಮ ಮಾವ ಮೂವತ್ತು ವರ್ಷ ನನಗ ಕುಂದ್ರಾಕ ಬಿಟ್ಟಿದ್ದಿಲ್ಲ."

ಭಾದ್ರಪದ ಬಂದಾಗ ಹೇರು ಹಾಕಿದಳು. ಮಂದಿ ನಗುವುದನ್ನು ಬಿಟ್ಟು ಸಿಟ್ಟಾದದ್ದು ಆಗ. ಹೇರು ಅಂದರೆ ಎರಡೂ ಕಡೆ ಸಮ. ಇದು ಕುರುಬರ ಮನೆಯ ಕೂಸಿಗೂ ಗೊತ್ತು. ಎಡಕ್ಕೆ ಒಂದು ಸೇರು ಹೆಚ್ಚಾದರೂ ಕುದುರೆಯ ಬೆನ್ನು ಹುಣ್ಣಾಗುತ್ತದೆ. ಸುಂದರವ್ವ ಎಡಕ್ಕೆ ಜೋಳದ ಚೀಲ ಹಾಕಿದಳು. ಬಲಕ್ಕೆ ಅಷ್ಟೇ ತೂಕದ ಚೀಲ ಹಾಕಿ, ಮೇಲೆ ಹಳ್ಳದಿಂದ ಆರಿಸಿ ತಂದ ಮುಷ್ಟಿಗಾತ್ರದ ಮೂವತ್ತು ಕಲ್ಲು ತುಂಬಿದಳು. ಬೆನ್ನು ಕೆಡದಂತೆ ಅರ್ಧ ತಾಸಿಗೊಮ್ಮೆ ಹೇರು ಇಳಿಸಿ, ಮೈ ಉಜ್ಜಿ, ಮತ್ತೆ ಏರಿಸುವಳು.

ಸಿದ್ದರಾಯ ಚೀಲ ಎತ್ತಿ ನೋಡಿ ಮುಖ ಕೆಂಪಗೆ ಮಾಡಿಕೊಂಡ.

"ನಮ್ಮ ಮನಿತನದಾಗ ಯಾರೂ ಹಿಂಗ ಓರೆ ಹೇರು ಹಾಕಿಲ್ಲ."

"ನಿಮ್ಮ ಮನಿತನದಾಗ ಯಾರೂ ಕುರುಡು ಕುದರಿಗಿ ಮರಿ ಕಟ್ಟಿದ್ದಿಲ್ಲ. ಆವಾಗ ಎಲ್ಲಾರೂ ಭಾಳ ಚಂದ ಅಂದ್ರಿ."

"ಹೇರು ಸಮ ಇರಬೇಕು, ಸುಂದ್ರವ್ವ."

"ಕುದರಿ ಸಮ ಆದ ದಿನ ಹೇರೂ ಸಮ ಮಾಡ್ತೇನ್ರಿ. ಅಲ್ಲೀತನಕ ಈ ಬೆನ್ನಿನ ಹೊಣಿ ನಂದು."

ಎರಡು ದಿನಕ್ಕೊಂದು ಕಲ್ಲನ್ನು ತೆಗೆದು ಬದುವಿನ ಮೇಲೆ ಎಸೆಯುತ್ತ ಬಂದಳು. ಕುದುರೆ ಬಲಕ್ಕೆ ತೂಗುವ ಭಾರದ ಕೆಳಗೆ ನಡೆಯುತ್ತ, ಎಡಕ್ಕೆ ಒತ್ತುವ ಕೆಲಸವನ್ನು ಸ್ವಲ್ಪ ಸ್ವಲ್ಪವೇ ಮರೆಯಿತು. ಹದ ಬಂತು ಅನ್ನಿಸಿದಾಗ ಒಂದೇ ದಿನ ಎರಡು ಕಲ್ಲು ಎಸೆದದ್ದೂ ಉಂಟು. ಕೊರಳು ನೆಟ್ಟಗಾಯಿತು. ಬೆನ್ನಿನ ಮೇಲೆ ಮರಿ ಕೂತರೂ ಅಲುಗದಂತೆ ಹಳ್ಳ ಇಳಿದು ಹತ್ತಿತು.

ಇನ್ನು ಎಂಟು ಕಲ್ಲು ಉಳಿದಾಗ ಸಿದ್ಧರಾಮ ಎಲ್ಲ ಕೆಡಿಸಿದ. ಅವನ ಮನಸ್ಸಿನಲ್ಲಿ ಒಳ್ಳೆಯದೇ ಇತ್ತು. ಅವ್ವ ಜ್ವರ ಬಂದು ಮಲಗಿದ್ದ ದಿನ ಹಿಂಡು ಜಾಗ ಬದಲಿಸಬೇಕಾಯಿತು. ಒಬ್ಬನೇ ನಡೆಸಲು ಹೆದರಿ, ದೊಡ್ಡಪ್ಪನ ಕುದುರೆಯ ಬಲಕ್ಕೆ ವಾಲ್ಯಾನನ್ನು ಕಟ್ಟಿದ. ತಾಯಿಗೆ ಕಟ್ಟುತ್ತಿದ್ದ ಹಾಗೆಯೇ. ಬೆಚ್ಚಗಿನ ಮಗ್ಗುಲು ಸಿಕ್ಕಿದ್ದೇ ತಡ, ವಾಲ್ಯಾ ಕಣ್ಣು ಅರ್ಧ ಮುಚ್ಚಿ ತನ್ನ ಭಾರವನ್ನೆಲ್ಲ ಅದಕ್ಕೆ ಒರಗಿಸಿತು. ಸಿದ್ದರಾಯನ ಮುದಿಕುದುರೆ ಹೇರಿನ ಸಮೇತ ಕಾಲುಹಾದಿಯಿಂದ ಹೊರಳಿ ಬಿತ್ತು.

ಸಿದ್ದರಾಯ ಸುಂದರವ್ವನ ಹಾಸಿಗೆಯ ಹತ್ತಿರ ಬಂದು ನಿಂತ. ಅವನೇನೂ ಕೂಗಾಡಲಿಲ್ಲ.

"ಇನ್ನ ಸಾಕಲ್ಲ?"

ಸುಂದರವ್ವ ಕಂಬಳಿ ಸರಿಸಿ ಎದ್ದಳು. ಕಣ್ಣು ಕೆಂಡದಂತಿದ್ದವು, ಜ್ವರಕ್ಕೋ ಏನೋ. ನೆಟ್ಟಗೆ ವಾಲ್ಯಾನ ಹತ್ತಿರ ಹೋಗಿ ಅದರ ಎಡಮಗ್ಗುಲಿನ ಬೆವರು ಒರೆಸಿದಳು.

"ಹುಣ್ಣಿವಿಗಿ ಇನ್ನೂ ಒಂಬತ್ತು ದಿನ ಐತ್ರಿ," ಅಂದಳು. ಮಗನ ಕಡೆ ತಿರುಗಿ, "ಅದು ಮರತಿತ್ತು. ನೀ ನೆನಪ ಮಾಡಿ ಕೊಟ್ಟಿ," ಅಂದಳು. ಸಂಜೆಯ ಹೊತ್ತಿಗೆ ಸಿದ್ಧರಾಮ, ಯಾರೂ ಹೇಳದಿದ್ದರೂ ಹಳ್ಳಕ್ಕೆ ಹೋಗಿ, ಉಡಿಯಲ್ಲಿ ನಾಲ್ಕು ಕಲ್ಲು ತಂದು ಅವ್ವನ ಮುಂದೆ ಸುರುವಿದ.

*

ಹುಣ್ಣಿಮೆ ಮುಗಿದ ಐದನೆಯ ದಿನ ಹಿಂಡು ಎದ್ದಿತು. ಐದು ಮನೆ, ಐದು ಕುದುರೆ, ಆರುನೂರು ಕುರಿ. ಹೊರಡುವ ಮೊದಲು ಸಿದ್ದರಾಯ ಪ್ರತಿ ಕುದುರೆಯ ಎರಡೂ ಚೀಲ ಕೈಯಿಂದ ಎತ್ತಿ ನೋಡುವುದು ರೂಢಿ. ವಾಲ್ಯಾನ ಎಡಚೀಲ ಎತ್ತಿದ. ಬಲಚೀಲ ಎತ್ತಿದ. ಕೈ ಒಳಗೆ ಹಾಕಿ ಒಂದು ಕಲ್ಲು ಹೊರಗೆ ತೆಗೆದ.

"ಎಷ್ಟು ಉಳದಾವು?"

"ಮೂರು."

"ತಗಿ."

"ತಗ್ಯಂಗಿಲ್ಲ."

"ಸುಂದ್ರವ್ವ, ಹೇರಿನಾಗ ಕಲ್ಲು ಹೊರೂದು ಯಾವ ದೇಶದ ಪದ್ಧತಿ?"

"ಅವು ನನ್ನ ಒಲಿ ಕಲ್ಲು ಬಾವಾ. ಮೂರು ಕಲ್ಲು ಇಲ್ಲದ ಒಲಿ ಹೆಂಗ ಹೂಡಲಿ?"

ಒಲೆ ಹೂಡಲು ಕಲ್ಲು ಹೊತ್ತು ಹೋಗುವವರು ಯಾರೂ ಇಲ್ಲ. ನಿಂತಲ್ಲಿ ಕಲ್ಲು ಸಿಗುತ್ತವೆ. ಅದರಲ್ಲೂ ಮುದ್ದೇಬಿಹಾಳದ ಕಡೆ ಮಣ್ಣಿಗಿಂತ ಕಲ್ಲೇ ಹೆಚ್ಚು. ಇವೋ ಮುಷ್ಟಿಗಾತ್ರದವು, ಗಡಿಗೆ ಇಟ್ಟರೆ ಉರಿಗೆ ಜಾಗವಿರದು. ಮಾಲಾ ಸೆರಗಿನೊಳಗೆ ನಕ್ಕಳು. ಸಿದ್ದರಾಯ ಕಲ್ಲನ್ನು ಚೀಲದೊಳಗೆ ಬಿಟ್ಟು, "ಕಾಲುವಿ ದಂಡ್ಯಾಗ ಹೇಳ್ತೇನಿ," ಅಂದು ಮುಂದೆ ಹೋದ.

ಮನಗೂಳಿ ದಾಟಿ ಮೂರನೆಯ ದಿನ ಬೆಳಿಗ್ಗೆ ಕಾಲುವೆಗೆ ಬಂದರು. ಎರಡು ಆಳು ಆಳದ ತಗ್ಗು, ತಳದಲ್ಲಿ ಒಡೆದ ಕಲ್ಲು. ಗಾಡಿಯ ಸೇತುವೆ ಒಂದು ಹರದಾರಿ ಆಚೆಗಿತ್ತು, ಅಲ್ಲಿಗೆ ಹೋಗುವ ಹಾದಿಯ ಎರಡೂ ಬದಿಗೆ ಬಿತ್ತಿದ ಜೋಳ ಮೊಳಕೆ ಒಡೆದಿತ್ತು. ಕುರಿ ತಂದರೆ ರೈತರು ಬಿಡುವರೇ? ಇಲ್ಲಿ ಇದ್ದದ್ದು ಮನುಷ್ಯರು, ದನಗಳು ಒಂದರ ಹಿಂದೊಂದು ದಾಟಲೆಂದು ಹಾಕಿದ ಸಿಮೆಂಟಿನ ಹಾಸು. ಅಗಲ ಎರಡೂವರೆ ಮೊಳ. ಕೈಗೋಡೆ ಇಲ್ಲ.

ನಾಲ್ಕು ಕುದುರೆ ದಾಟಿದವು, ಅವುಗಳ ಜೊತೆ ಮಾಲಾ ಮತ್ತು ಉಳಿದ ಹೆಂಗಸರೂ ದಾಟಿದರು. ಕುರಿ ತರುಬಿ ಹಿಡಿದುಕೊಂಡು ಗಂಡಸರು ಈಚೆ ದಂಡೆಯಲ್ಲಿ ನಿಂತರು. ಸಿದ್ದರಾಯ ವಾಲ್ಯಾನ ಮುಂದೆ ಬಂದ. ಅವನ ಮುಖದಲ್ಲಿ ಹಟವಿರಲಿಲ್ಲ, ಹೆದರಿಕೆ ಇತ್ತು.

"ಕೇಳಿಲ್ಲಿ. ಹೇರು ಇಳಸು. ಹುಡುಗರು ತಲಿ ಮ್ಯಾಲ ಹೊತ್ತು ದಾಟಸ್ತಾರ. ಕುದರಿ ಖಾಲಿ ಬರಲಿ. ಮರೀನರ ತಗಿ."

"ಹೇರು ಇಳಿಸಿದ್ರ ಒಲಿ ಇಳಿಸಿದಂಗ. ಮಾತಾಗೇತಿ."

"ಮಾತು ಸುಡ್ಲಿ. ಅದು ಬಿದ್ರ ನಿನ್ನೂ ಎಳಕೊಂಡು ಬೀಳತೈತಿ."

"ಹಗ್ಗ ಕೈಗಿ ಸುತ್ತಿಕೊಳ್ಳಂಗಿಲ್ಲ ಬಾವಾ. ಎಳದ್ರ ಬಿಡ್ತೇನಿ."

ಹಾಸಿನ ಮೇಲೆ ಕುದುರೆಯ ಬಲಕ್ಕೆ ನಡೆಯಲು ಜಾಗವಿರಲಿಲ್ಲ. ಸುಂದರವ್ವ ಮುಂದೆ ನಿಂತಳು. ಹಗ್ಗದ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು, ಹಿಂದೆ ನೋಡದೆ, ಕಾಲಿನ ಚಪ್ಪಲಿ ಅಲ್ಲೇ ಬಿಟ್ಟು ಹೆಜ್ಜೆ ಇಟ್ಟಳು. ಹಿಂದೆ ನಾಲು ಸಿಮೆಂಟಿಗೆ ತಗಲುವ ಸಪ್ಪಳ ಕೇಳಿತು. ಒಂದು, ಎರಡು, ಮೂರು, ನಾಲ್ಕು. ಸರಿಯಾಗಿತ್ತು. ಬೆನ್ನಿನ ಮೇಲೆ ಮರಿ ಒಮ್ಮೆ ಅರಚಿತು.

ನಡುವಿಗೆ ಬಂದಾಗ ತಗ್ಗಿನಿಂದ ಗಾಳಿ ಎದ್ದಿತು. ಸಪ್ಪಳ ತಾಳ ತಪ್ಪಿತು. ಮೂರರ ಹಿಂದೆಯೇ ನಾಲ್ಕು ಬಂತು, ಆಮೇಲೆ ಲೆಕ್ಕಕ್ಕೆ ಸಿಗಲಿಲ್ಲ. ಕುದುರೆಯ ಮೂತಿ ಅವಳ ಹೆಗಲಿಗೆ ಬಡಿಯಿತು. ಅದು ನುಗ್ಗತೊಡಗಿತ್ತು. ಇನ್ನು ಹದಿನೈದು ಹೆಜ್ಜೆ. ಓಡಿದರೆ ವಾಲುತ್ತದೆ, ವಾಲಿದರೆ ಎಡಕ್ಕೆ ಏನೂ ಇಲ್ಲ.

ಸುಂದರವ್ವ ಹಗ್ಗ ಬಿಟ್ಟಳು. ಕಾಲುವೆಯ ನಟ್ಟನಡುವೆ, ಎರಡೂವರೆ ಮೊಳದ ಹಾಸಿನ ಮೇಲೆ, ಕುದುರೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತಳು.

ಆಚೆ ದಂಡೆಯಲ್ಲಿ ಮಾಲಾ ಬಾಯಿಗೆ ಕೈ ಇಟ್ಟುಕೊಂಡಳು. ಈಚೆ ದಂಡೆಯಿಂದ ಸಿದ್ಧರಾಮ "ಯವ್ವಾ" ಅಂದದ್ದು ಅರ್ಧಕ್ಕೇ ನಿಂತಿತು.

ಮುಂದಿನ ಎರಡು ಗೊರಸುಗಳು ಅವಳ ಬೆನ್ನಿನ ಹಿಂದೆ ಉಜ್ಜಿದವು. ಸಿಮೆಂಟಿನ ಪುಡಿ ಸೀರೆಯ ಮೇಲೆ ಬಿತ್ತು. ಎಡಗೊರಸು ಅಂಚಿಗೆ ಎರಡೇ ಬೆರಳು ದೂರದಲ್ಲಿ ಊರಿತ್ತೆಂದು ಆಮೇಲೆ ಮಂದಿ ಹೇಳಿದರು. ಅವಳು ನೋಡಲಿಲ್ಲ. ಬಿಸಿ ಉಸಿರು ಅವಳ ಕುತ್ತಿಗೆಗೆ ತಾಗುತ್ತಿತ್ತು. ಎರೆಹೊಲದ ಸಾಲಿನಲ್ಲಿ ಕೂತಂತೆ ಕೂತಳು. ಅವಸರ ಮಾಡಲಿಲ್ಲ. ಬಲಚೀಲದಲ್ಲಿ ಮೂರು ಕಲ್ಲು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಭಾರ ಬಲಕ್ಕೆ ತೂಗಿತು. ಕುದುರೆ ಎಡಗಾಲನ್ನು ಎತ್ತಿ, ಒಂದು ಗೇಣು ಒಳಗೆ, ತನ್ನ ಹೊಟ್ಟೆಯ ಕೆಳಗೆ ನೆಟ್ಟಗೆ ಊರಿತು.

"ಆತಪಾ," ಅಂದಳು ಸುಂದರವ್ವ. "ನಡಿ."

ಎದ್ದು ಸೀರೆ ಕೊಡವಿಕೊಂಡು ನಡೆದಳು. ಹಗ್ಗ ಹಾಸಿನ ಮೇಲೆ ಎಳೆದುಕೊಂಡೇ ಬಂತು, ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಒಂದು, ಎರಡು, ಮೂರು, ನಾಲ್ಕು. ಆಚೆ ದಂಡೆಯ ಮಣ್ಣು ತಗಲಿದಾಗ ಕುದುರೆಯ ಎಡಮಗ್ಗುಲು ನಡುಗುತ್ತಿತ್ತು. ಮಾಲಾ ಓಡಿಬಂದು ಆ ಮಗ್ಗುಲಿಗೆ ಕೈಕೊಡಲು ಹೋದಳು.

"ಎಡಕ್ಕ ನಿಂದ್ರಬ್ಯಾಡ," ಅಂದಳು ಸುಂದರವ್ವ. "ನಡುಗಿದ್ರ ನಡುಗಲಿ. ತಾನ ನಿಂತೈತಿ."

*

ಆ ದಿನ ಬಸವನ ಬಾಗೇವಾಡಿ ಹಾದಿಯಲ್ಲಿ ಒಂದು ದಿಬ್ಬದ ಕೆಳಗೆ ಇಳಿದುಕೊಂಡರು. ಹಾದಿಯ ಮೇಲಿನ ರೂಢಿಯಂತೆ ಹಿರಿಯನ ಒಲೆ ಮೊದಲು ಹೊತ್ತಬೇಕು, ಉಳಿದವರು ಅಲ್ಲಿಂದ ಕೆಂಡ ತರಬೇಕು. ಹೊತ್ತು ಇಳಿಯುವ ಮೊದಲೇ ಮೂವರು ಹೆಂಗಸರು ಕೆಂಡ ಒಯ್ದರು. ಸುಂದರವ್ವ ಹೋಗಲಿಲ್ಲ. ದಿಬ್ಬದಿಂದ ಮೂರು ದೊಡ್ಡ ಕಲ್ಲು ಉರುಳಿಸಿ ತಂದು ಒಲೆ ಹೂಡಿದಳು. ಚೀಲದಿಂದ ತನ್ನ ಮೂರು ಸಣ್ಣ ಕಲ್ಲು ತೆಗೆದು, ಆ ಮೂರರ ನೆತ್ತಿಯ ಮೇಲೆ ಒಂದೊಂದು ಇಟ್ಟು, ರೊಟ್ಟಿಯ ಹಂಚು ಅಲ್ಲಾಡದಂತೆ ಕೂರಿಸಿದಳು.

ಸಿದ್ದರಾಯ ತಾನೇ ಒಡೆದ ಗಡಿಗೆಯ ಚಿಪ್ಪಿನಲ್ಲಿ ಕೆಂಡ ಹಿಡಿದುಕೊಂಡು ಬಂದ. ಹಿರಿಯ ತಾನಾಗಿ ಕೆಂಡ ತಂದದ್ದನ್ನು ಯಾರೂ ಕಂಡಿರಲಿಲ್ಲ. ಬಂದು ನಿಂತ. "ಕುದರಿ ಬೆನ್ನು ಹೆಂಗೈತಿ?" ಅಂದ.

"ನೋಡ್ರಿ."

ಅವನು ಖೋಗೀರು ಎತ್ತಿ ಬೆನ್ನು ಸವರಿದ. ಎಲ್ಲೂ ಹುಣ್ಣಿರಲಿಲ್ಲ.

"ಕೆಂಡ ತಂದೇನಿ," ಅಂದ.

"ನನ್ನ ಕಡೆ ಕಡ್ಡಿಪೆಟ್ಟಿಗಿ ಐತ್ರಿ ಬಾವಾ."

ಕಡ್ಡಿ ಗೀರಿದಳು. ಮೊದಲನೆಯದು ಗಾಳಿಗೆ ಆರಿತು. ಎರಡನೆಯದೂ ಆರಿತು. ಸಿದ್ದರಾಯ ಚಿಪ್ಪು ಹಿಡಿದು ನಿಂತೇ ಇದ್ದ. ಮೂರನೆಯದು ಹೊತ್ತಿತು. ತೊಗರಿಕಟ್ಟಿಗೆ ಚಟಪಟ ಅಂದ ಮೇಲೆ ಅವಳು ತಲೆ ಎತ್ತಿದಳು.

"ಕುಂದ್ರಿ. ರೊಟ್ಟಿ ತಿಂದು ಹೋಗ್ರಿ. ನಮ್ಮ ಒಲ್ಯಾಗಿಂದು."

ಅವನು ಕೆಂಡವನ್ನು ನೆಲಕ್ಕೆ ಸುರಿದು, ಕೋಲು ಪಕ್ಕಕ್ಕಿಟ್ಟು ಕೂತ. ಮಾಲಾ ಮೊದಲ ರೊಟ್ಟಿಯನ್ನು ಅವನ ಕೈಗೆ ಕೊಟ್ಟಳು. ಸಿದ್ಧರಾಮ ದೊಡ್ಡಪ್ಪನ ಪಕ್ಕದಲ್ಲಿ ಕೂರದೆ, ಅವ್ವನ ಹಿಂದೆ ಕಟ್ಟಿಗೆ ಮುರಿಯುತ್ತ ಕೂತ.

ಮರುದಿನ ಬೆಳಿಗ್ಗೆ ಹೇರು ಏರಿಸುವಾಗ ಸುಂದರವ್ವ ಮಸಿ ಹತ್ತಿದ ಮೂರು ಕಲ್ಲುಗಳನ್ನು ಎತ್ತಿಕೊಂಡಳು. ಎರಡನ್ನು ಬಲಚೀಲಕ್ಕೆ ಹಾಕಿದಳು, ಒಂದನ್ನು ಎಡಚೀಲಕ್ಕೆ. ಸಿದ್ದರಾಯ ಎಂದಿನಂತೆ ಕುದುರೆಗಳ ಹೇರು ನೋಡುತ್ತ ಬಂದ. ವಾಲ್ಯಾನ ಬಲಚೀಲಕ್ಕೆ ಕೈ ಚಾಚಿದ. ಸುಂದರವ್ವ ಅವನ ಮುಖವನ್ನೇ ನೋಡುತ್ತ ನಿಂತಳು. ಅವನು ಕೈ ಹಿಂದೆ ತೆಗೆದುಕೊಂಡು ಮುಂದಿನ ಕುದುರೆಯ ಕಡೆ ಹೋದ.